ಕಡಲಿಗೆ ಹೊರಟ ನಮ್ಮ ಕಡೆಯ ಹುಡುಗರಿಗೆ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ನನ್ನ ತಂಗಿಯ ಮಗ ಮೊನ್ನೆ ಮಡಕಶಿರಾಕ್ಕೆ ಬಂದಾಗ ಹೆಗಲಲ್ಲೊಂದು ಉದ್ದನೆಯ ಚೀಲವಿತ್ತು. ಬಿಚ್ಚಿ ತೋರಿಸಿದ. ಮಡಚುವ ಗಾಳದ ಕೋಲು, ರೀಲು, ಬಣ್ಣಬಣ್ಣದ ಸುಳ್ಳು ಮೀನುಗಳು. ಅವನೂ ನಾಲ್ವರು ಗೆಳೆಯರೂ ಜುಲೈ ಎರಡನೆಯ ವಾರ ಮುರುಡೇಶ್ವರಕ್ಕೆ ಹೋಗಿ, ದೋಣಿ ಗೊತ್ತುಮಾಡಿಕೊಂಡು, ನೇತ್ರಾಣಿ ದ್ವೀಪದ ಕಡೆ ಆಳದ ನೀರಿನಲ್ಲಿ ಗಾಳ ಹಾಕುತ್ತಾರಂತೆ. "ಮಾವಾ, ನೀವು ಮಲ್ಪೆ ಕಂಡೋರು, ಏನಾದ್ರೂ ಹೇಳಿ" ಅಂದ.

ಮಲ್ಪೆ ಕಂಡವನು ಹೌದು. ಅಲ್ಲಿಂದ ಬೆಂಗಳೂರಿಗೆ ಐಸ್ ಹಾಕಿದ ಮೀನಿನ ಲಾರಿಯನ್ನು ಎಷ್ಟೋ ವರ್ಷ ಓಡಿಸಿದ್ದೇನೆ. ಲೋಡು ಆಗುವವರೆಗೆ ಬಂದರಿನಲ್ಲಿ ಕೂತು, ದೋಣಿ ನಡೆಸುವ ತಂಡೇಲರ ಮಾತು ಕೇಳುವುದೇ ನನ್ನ ಕೆಲಸವಾಗಿತ್ತು. ಅವನಿಗೆ ಹೇಳಿದ್ದನ್ನೇ ಈ ಸೀಮೆಯ ಉಳಿದ ಹುಡುಗರಿಗೂ ಹೇಳುತ್ತೇನೆ.

ಜುಲೈ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ನಮ್ಮ ಆಂಧ್ರದ ಕಡಲು ಪೂರ್ವದ್ದು, ಅಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ಮಾತು ಕನ್ನಡ, ರೇಷನ್ ಕಾರ್ಡು ಆಂಧ್ರದ್ದು. ಕಾಕಿನಾಡದಲ್ಲಿ ದೋಣಿ ಇಳಿದವು ಎಂದು ಟಿವಿಯಲ್ಲಿ ನೋಡಿ, ಮುರುಡೇಶ್ವರದಲ್ಲೂ ಇಳಿದಿರಬೇಕು ಅಂದುಕೊಳ್ಳುವುದು ನಮ್ಮಂಥ ಗಡಿಯವರಿಗೆ ಸುಲಭ. ಆ ಕಡಲಿಗೆ ಅದರದೇ ಪಂಚಾಂಗವಿದೆ.

ಅದಕ್ಕವನು, "ಹತ್ತು ಎಚ್‌ಪಿ ಒಳಗಿನ ಇಂಜಿನ್ನಿಗೆ ನಿಷೇಧ ಇಲ್ವಂತೆ ಮಾವಾ, ದೋಣಿಯವರು ಹೇಳಿದ್ರು" ಅಂದ. ಕರ್ನಾಟಕದಲ್ಲಿ ಆ ವಿನಾಯಿತಿ ಇರುವುದು ನಿಜ. ಆದರೆ ಯಾರಿಗಾಗಿ ಇದೆ? ಮಳೆಗಾಲದಲ್ಲೂ ಒಲೆ ಉರಿಯಬೇಕಾದ ನಾಡದೋಣಿಯವರಿಗಾಗಿ. ಬಡವನ ಹೊಟ್ಟೆಗೆಂದು ಬಿಟ್ಟ ಕಿಂಡಿಯಲ್ಲಿ ಮೋಜಿಗೆ ಹೊರಟ ಐದು ಜನ ತೂರುವುದು ಸರಿಯಲ್ಲ. ನಾಡದೋಣಿಯವನಾದರೋ ಆ ದೋಣಿಯಲ್ಲಿ ಅಲೆ ಓದಿಕೊಂಡು ದಡದ ಹತ್ತಿರವೇ ಸುಳಿದಾಡಿ ಬರುತ್ತಾನೆ. ನೇತ್ರಾಣಿ ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ಆಚೆ.

ಈ ಎರಡು ತಿಂಗಳು ಕಡಲು ಕೆರಳಿರುತ್ತದೆ. ಬೂತಾಯಿಯಂಥ ಮೀನು ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಬಿತ್ತನೆಗೆ ಎತ್ತಿಟ್ಟ ಶೇಂಗಾವನ್ನು ನಮ್ಮಲ್ಲಿ ಎಂಥ ಬರದಲ್ಲೂ ಹುರಿದು ತಿನ್ನಲು ಹಿಂದೆಮುಂದೆ ನೋಡುತ್ತೇವೆ. ಮಲ್ಪೆಯ ಹಿರಿಯರು ನಿಷೇಧದ ಮಾತು ಬಂದಾಗ ಕಾನೂನಿಗಿಂತ ಮೊದಲು ಈ ಮೊಟ್ಟೆಯ ಮಾತನ್ನೇ ಹೇಳುತ್ತಿದ್ದರು.

ನೀರಿಗೆ ಯಜಮಾನನಿಲ್ಲ ಅಂದುಕೊಳ್ಳಬೇಡಿ. ನಮ್ಮ ಕೆರೆಗೆ ನೀರುಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಹೋಗಬೇಕು, ಎಲ್ಲ ಅವನ ಮಾತು. ದೊಡ್ಡ ರೈತನೂ ಅವನನ್ನು ದಾಟುತ್ತಿರಲಿಲ್ಲ. ಕಡಲಿನಲ್ಲಿ ಆ ಸ್ಥಾನ ತಂಡೇಲನದು. ಬೆಳಿಗ್ಗೆ ಐದಕ್ಕೆ ಅವನು ಆಕಾಶ ನೋಡಿ "ಇವತ್ತು ಬೇಡ" ಅಂದರೆ, ಕೊಟ್ಟ ಮುಂಗಡದ ಮಾತೆತ್ತದೆ ವಾಪಸು ಬನ್ನಿ. ಹೆಚ್ಚು ದುಡ್ಡು ಕೊಡುತ್ತೇವೆಂದು ಆಸೆ ತೋರಿಸುವುದು ಪಾಪ. ಹಾಗೆ ಒತ್ತಾಯಿಸಿ ನಾನೇ ಒಮ್ಮೆ ಮೇ ಕೊನೆಯಲ್ಲಿ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ದಡ ಕಾಣುತ್ತಲೇ ಇತ್ತು, ದೋಣಿ ಮಾತ್ರ ಹತ್ತಿರವಾಗಲಿಲ್ಲ. ಮೂರು ಗಂಟೆ ನೀರು ಮೊಗೆದು ಹೊರಗೆ ಚೆಲ್ಲಿದೆವು. ಆ ತಂಡೇಲ ನನ್ನನ್ನು ಬೈಯಲಿಲ್ಲ, ದಡಕ್ಕೆ ಬಂದ ಮೇಲೆ ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಗಾಳಿಯಿಲ್ಲದ ದಿನವೂ ಅಲೆ ಬರುತ್ತದೆ ಎಂಬುದನ್ನು ನಮ್ಮವರು ನಂಬುವುದೇ ಇಲ್ಲ. ರಾಯದುರ್ಗದವರಿಗೆ ಇದು ಅರ್ಥವಾಗಬೇಕು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತು. ಆ ಜಲಾಶಯಕ್ಕೆ ನೀರು ತರುವ ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಕಡೆ. ಅಲ್ಲಿ ಬಿದ್ದ ಮಳೆ ಆ ಹೊಳೆಯಲ್ಲಿ ಹರಿದು ನಮ್ಮ ಬಿ.ಟಿ.ಪಿ. ಡ್ಯಾಮಿಗೆ ಬರುತ್ತದೆ. ಹೊಳೆಯ ನೀರು ಬರುವುದಕ್ಕೆ ನಮ್ಮ ತಲೆಯ ಮೇಲೆ ಮೋಡ ಇರಬೇಕಾಗಿಲ್ಲ. ಹಾಗೆಯೇ ಸಾವಿರಾರು ಮೈಲಿ ದಕ್ಷಿಣದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಉರುಳಿ ಬಂದು ನಮ್ಮ ಕರಾವಳಿಯನ್ನು ತಟ್ಟುತ್ತದೆ. ಮಲಯಾಳಿಗಳು ಅದನ್ನು ಕಳ್ಳಕಡಲು ಎನ್ನುತ್ತಾರೆ, ಹೇಳದೆ ಬರುತ್ತದಲ್ಲ, ಅದಕ್ಕೆ. ಆ ಅಲೆಯ ಮುನ್ನೆಚ್ಚರಿಕೆ ಕೊಡುವ ಇನ್‌ಕಾಯಿಸ್ ಸಂಸ್ಥೆ ಇರುವುದು ಕಡಲೇ ಇಲ್ಲದ ಹೈದರಾಬಾದಿನಲ್ಲಿ. ಹೊರಡುವ ಹಿಂದಿನ ರಾತ್ರಿ ಅದರ ಸೂಚನೆಯನ್ನೂ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ಮೊಬೈಲಿನಲ್ಲೇ ನೋಡಿಕೊಳ್ಳಿ.

ಲೈಫ್ ಜಾಕೆಟ್ಟನ್ನು ದಿಂಬು ಮಾಡಿಕೊಂಡು ಕೂರಬೇಡಿ, ತೊಟ್ಟುಕೊಳ್ಳಿ. ಫೋಟೋಗೆ ಚೆನ್ನಾಗಿ ಕಾಣಲ್ಲ ಎಂದು ಬಿಚ್ಚುವ ಹುಡುಗರನ್ನು ಕಂಡಿದ್ದೇನೆ. ಈಜು ಬರುತ್ತದೆ ಎಂಬ ಧೈರ್ಯವನ್ನು ಊರಿನ ಬಾವಿಯಲ್ಲೇ ಬಿಟ್ಟು ಹೋಗಿ. ಕುಡಿದು ದೋಣಿ ಹತ್ತಬೇಡಿ. ಆಧಾರ್ ಜೊತೆಗಿರಲಿ. 2008ರಲ್ಲಿ ಮುಂಬೈಗೆ ಬಂದ ಕೊಲೆಗಡುಕರು ಮೀನು ದೋಣಿಯನ್ನೇ ಹಿಡಿದು ಬಂದಿದ್ದರು. ಅಂದಿನಿಂದ ಕಡಲಲ್ಲಿ ಅಪರಿಚಿತ ಮುಖ ಕಂಡರೆ ಪೊಲೀಸರು ವಿಚಾರಿಸುತ್ತಾರೆ. ಅವರ ಮೇಲೆ ರೇಗಬೇಡಿ.

ಗಾಳಕ್ಕೆ ಬಿದ್ದದ್ದೆಲ್ಲ ನಿಮ್ಮದಲ್ಲ. ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಕುದುರೆ, ಕಡಲಾಮೆ, ಡಾಲ್ಫಿನ್ ಇವೆಲ್ಲ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಹಿಡಿಯುವುದು ಜೈಲಿಗೆ ಕಳಿಸುವ ಅಪರಾಧ. ಹವಳದ ತುಂಡನ್ನೂ ನೆನಪಿಗೆಂದು ಕಿತ್ತು ತರಬೇಡಿ. ನೇತ್ರಾಣಿಯ ಬುಡದಲ್ಲಿ ಹವಳವಿದೆ, ಆದ್ದರಿಂದ ಅದರ ಮೇಲೆ ಲಂಗರು ಎಸೆಯಬೇಡಿ ಎಂದು ದೋಣಿಯವರಿಗೂ ಹೇಳಿ.

ಸಣ್ಣ ಮೀನಿನ ಲೆಕ್ಕವನ್ನು ನೆರೆಯ ಕೇರಳ 2015ರಲ್ಲೇ ಕಾನೂನಾಗಿ ಮಾಡಿತು. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ನೀವು ಎಲ್ಲೇ ಗಾಳ ಹಾಕಿದರೂ ಒಂದು ಅಳತೆಪಟ್ಟಿ ಜೊತೆಗಿಟ್ಟುಕೊಳ್ಳಿ. ಬಂಡೆಯ ಸಂದಿಯಲ್ಲಿರುವ ಮುರು ಮೀನಿನ ವಿಷಯ ಇನ್ನೂ ಸೂಕ್ಷ್ಮ. ಅದು ಹೆಣ್ಣಾಗಿ ಬಾಳಿ, ದೊಡ್ಡದಾದ ಮೇಲೆ ಗಂಡಾಗುತ್ತದೆ. ದೊಡ್ಡವನ್ನೇ ಆರಿಸಿ ಎತ್ತಿದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ. ಬಿಡುವ ಮೀನನ್ನು ಒಣ ಕೈಯಲ್ಲಿ ಹಿಡಿಯಬೇಡಿ, ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಆಳದಿಂದ ಸರ್ರನೆ ಎಳೆದ ಮೀನಿನ ಒಳಗಿನ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬರುತ್ತದೆ. ಅಂಥದನ್ನು ಬಿಟ್ಟರೂ ಬದುಕುವುದು ಕಷ್ಟ. ಆದ್ದರಿಂದ ತಿನ್ನಲು ಬೇಕಾದಷ್ಟು ಸಿಕ್ಕ ಮೇಲೆ ಆಳದಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸಿ. ತೊರಕೆಯ ಬಾಲದ ಮುಳ್ಳಿನಲ್ಲಿ ವಿಷವಿದೆ, ಅದು ಬಿದ್ದರೆ ದಾರ ಕತ್ತರಿಸಿ ಬಿಡಿ. ಬಲೂನಿನಂತೆ ಉಬ್ಬುವ ಮೀನನ್ನು ಯಾರು ಏನೇ ಹೇಳಿದರೂ ತಿನ್ನಬೇಡಿ.

ಕೊನೆಯದಾಗಿ ಒಂದು ದುಃಖದ ಸಂಗತಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಂದಿಗೆ ಹೊರಟಿತು. ಅವರಲ್ಲಿ ಒಬ್ಬರೂ ಮರಳಲಿಲ್ಲ. ಬೋಟಿನ ಅವಶೇಷ ಮುಂದಿನ ಮೇ ತಿಂಗಳಲ್ಲಿ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿತು. ಅವರು ಕಡಲಿನಲ್ಲೇ ಬೆಳೆದವರು. ನಾವು ಹೆಚ್ಚೆಂದರೆ ಕೆರೆ ಏರಿಯ ಮೇಲೆ ಓಡಾಡಿದವರು.

ತಂಗಿಯ ಮಗ ಪ್ರಯಾಣವನ್ನು ನವೆಂಬರಿಗೆ ಹಾಕಿದ್ದಾನೆ. ನೀವೂ ಮಳೆಗಾಲ ಪೂರ್ತಿ ಕಳೆಯಲು ಬಿಡಿ. ಹೊರಡುವಾಗ ದೋಣಿಯ ನಂಬರು, ತಂಡೇಲನ ಹೆಸರು, ಮರಳುವ ಗಂಟೆ ಇವನ್ನು ಒಂದು ಚೀಟಿಯಲ್ಲಿ ಬರೆದು ದಡದಲ್ಲಿ ಒಬ್ಬರ ಕೈಗೆ, ಇನ್ನೊಂದರಲ್ಲಿ ಬರೆದು ಮನೆಯಲ್ಲಿ ಅಮ್ಮನ ಕೈಗೆ ಕೊಡಿ. ಅದೇ ಚೀಟಿಯ ಕೆಳಗೆ ಎರಡು ನಂಬರು ಬರೆಯಿರಿ: ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554.