ಮಿನಮಾಟ: ಮೀನಿನೊಳಗೆ ಬಂದ ಪಾದರಸ

ಜಪಾನಿನ ಮಿನಮಾಟ ಕೊಲ್ಲಿಗೆ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ತ್ಯಾಜ್ಯ ಹರಿಸಿತು. ಅದರಲ್ಲಿದ್ದ ಮೀಥೈಲ್ ಪಾದರಸ ಪ್ಲವಕಗಳಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಸೇರುತ್ತ ಹಂತಹಂತಕ್ಕೂ ಸಾಂದ್ರವಾಯಿತು. ಇದೇ ಜೈವಿಕ ಸಂವರ್ಧನೆ. ಮೊದಲು ಮೀನು ತಿಂದ ಬೆಕ್ಕುಗಳು ಸೆಟೆದು ಬಿದ್ದು ಸತ್ತವು. ಬಳಿಕ ಬೆಸ್ತರ ಮನೆಗಳಲ್ಲಿ ಕೈಕಾಲು ಜೋಮು, ತೊದಲು ಮಾತು, ಕುಗ್ಗಿದ ದೃಷ್ಟಿ. ಈ ಮಿನಮಾಟ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಅತ್ಯಂತ ಸಂಕಟದ ಸಂಗತಿಯೆಂದರೆ, ವಿಷ ಜರಾಯುವನ್ನೂ ದಾಟಿ ಗರ್ಭದ ಶಿಶುವಿನ ಮಿದುಳನ್ನು ಕೆಡಿಸಿತು. ತಾಯಿ ಆರೋಗ್ಯವಾಗಿಯೇ ಕಾಣುತ್ತಿದ್ದಳು.

ಪಾದರಸ ನಿಯಂತ್ರಣದ ಮಿನಮಾಟ ಒಪ್ಪಂದ ಅಂಗೀಕಾರವಾದದ್ದು 2013ರಲ್ಲಿ, ಜಾರಿಯಾದದ್ದು 2017ರ ಆಗಸ್ಟ್ 16ರಂದು. ಪರೀಕ್ಷೆಯಲ್ಲಿ ರೋಗದ ಕಾರಣ ಬರೆಯುವಾಗ ಎಡವಬೇಡಿ: ಇತಾಯ್-ಇತಾಯ್ ರೋಗವೂ ಜಪಾನಿನದೇ, ಆದರೆ ಅದಕ್ಕೆ ಕಾರಣ ಕ್ಯಾಡ್ಮಿಯಂ.