ಕಳಸೂಬಾಯಿಯ ಮಳೆ, ಬೇಸಗೆಯ ಬಿಂದಿಗೆ

ನಾಸಿಕಕ್ಕೆ ಹೋಗುವ ನಮ್ಮ ವಾಚಕರಿಗೆ ಇಗತಪುರಿ ನಿಲ್ದಾಣ ಗೊತ್ತೇ ಇದೆ. ಅಲ್ಲಿಳಿದು ಘೋಟಿಯ ಮೂಲಕ ಮೋಟಾರಿನಲ್ಲಿ ಹೋದರೆ ಬಾರಿ ಎಂಬ ಹಳ್ಳಿ. ಅದರ ನೆತ್ತಿಯ ಮೇಲೆಯೇ ಕಳಸೂಬಾಯಿ ಶಿಖರ. ಎತ್ತರ 1646 ಮೀಟರು. ಮಹಾರಾಷ್ಟ್ರದಲ್ಲಿ ಇದಕ್ಕೆ ಮಿಗಿಲಾದುದಿಲ್ಲ. ನಮ್ಮ ಮುಳ್ಳಯ್ಯನಗಿರಿ 1930 ಮೀಟರೆಂದು ಬೀಗುವವರು ಬೀಗಲಿ. ಇಲ್ಲಿ ನಾವು ನೋಡಬೇಕಾದದ್ದು ನೀರನ್ನು.

ಶಿಖರದ ದಕ್ಷಿಣಕ್ಕೆ ಭಂಡಾರದರಾ ಸರೋವರವಿದೆ. ರತನಗಡದ ಬಳಿ ಹುಟ್ಟುವ ಪ್ರವರಾ ನದಿಗೆ ಕಟ್ಟಿದ ವಿಲ್ಸನ್ ಅಣೆಕಟ್ಟು 1926ರಲ್ಲಿ ಮುಗಿಯಿತು. ದಂಡೆಯಲ್ಲಿ ಶೇಂಡಿ ಎಂಬ ಪುಟ್ಟ ಊರು, ಸುತ್ತಲಿನ ವಾಡಿಗಳಲ್ಲಿ ಮಹಾದೇವ ಕೋಳಿ ಜನ. ಶಿಖರದ ಮೇಲಿನ ಚಿಕ್ಕ ಗುಡಿಯ ದೇವಿಯೂ ಅವರವಳೇ. ಮನೆಗೆಲಸಕ್ಕಿದ್ದ ಕಳಸು ಎಂಬ ಹುಡುಗಿ, ಕರಾರಿಗೆ ಹೊರತಾದ ಕೆಲಸ ಹೇಳಿದರೆಂದು ಬಿಟ್ಟು ಬೆಟ್ಟ ಹತ್ತಿದಳಂತೆ. ಕೂಲಿಯವರಿಗೆ ಹಿಡಿಸುವ ಕಥೆ!

ಅರಬ್ಬೀ ಸಮುದ್ರದ ಮೋಡಗಳು ಘಟ್ಟಕ್ಕೆ ತಾಕಿ ಮೇಲೇರಿ, ತಣ್ಣಗಾಗಿ, ಇಲ್ಲಿ ಧಾರಾಕಾರ ಸುರಿಯುತ್ತವೆ. ಪೂರ್ವಕ್ಕೆ ಸಂಗಮನೇರ ತಲಪುವಷ್ಟರಲ್ಲಿ ಮಳೆ ತೀರ ಕಡಿಮೆ. ಇಷ್ಟು ಮಳೆ ಬಿದ್ದೂ ಚೈತ್ರ ವೈಶಾಖಗಳಲ್ಲಿ ಮೇಲಿನ ವಾಡಿಗಳ ಹೆಂಗಸರು ಬಿಂದಿಗೆ ಹೊತ್ತು ದೂರ ನಡೆಯಬೇಕು. ಏಕೆ?

ಕಾರಣ ಕಲ್ಲಿನಲ್ಲಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ಪದರ ಪದರವಾಗಿ ಗಟ್ಟಿಯಾಯಿತು. ಬೆಳಗಾವಿ, ವಿಜಯಪುರದ ಕಡೆಯವರಿಗೆ ಈ ಕರಿಗಲ್ಲು ಹೊಸದಲ್ಲ. ಉಸುಕುಗಲ್ಲಿನಂತೆ ಇದು ನೀರು ಹೀರದು. ಬಿರುಕುಗಳಲ್ಲೂ ಮೇಲಿನ ಸಡಿಲ ಪದರದಲ್ಲೂ ನಿಂತಷ್ಟೇ ನೀರು. ಕಡಿದಾದ ಇಳಿಜಾರಿನಲ್ಲಿ ಮಣ್ಣೂ ತೆಳು. ಆದುದರಿಂದ ನಾಲ್ಕು ತಿಂಗಳ ಮಳೆ ಹಳ್ಳ ಹಿಡಿದು ಇಳಿದುಹೋಗುತ್ತದೆ.

ಇಳಿದದ್ದು ಸರೋವರದಲ್ಲಿ ನಿಲ್ಲುತ್ತದಲ್ಲ ಎನ್ನಬಹುದು. ನಿಂತರೂ ಅದು ತಾನಾಗಿ ಗುಡ್ಡವೇರಿ ಬಾರದು. ಕೆಳಗೆ ಹರಿದು, ಕಾಲುವೆ ಸೇರಿ ಸಂಗಮನೇರ, ರಾಹುರಿ, ಶ್ರೀರಾಮಪುರದ ಹೊಲಗಳಿಗೆ ಹೋಗುತ್ತದೆ. ಅಲ್ಲಿ ಕಬ್ಬು ಬೆಳೆಯಿತು. ಲೋಣಿಯಲ್ಲಿ 1950ರ ಸುಮಾರಿಗೆ ರೈತರದೇ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಬರದ ನಾಡಿಗೆ ನೀರು ಕೊಟ್ಟದ್ದು ತಪ್ಪೆಂದು ನಾವು ಹೇಳೆವು. ಆದರೆ ಕಣಿವೆಯನ್ನು ಬಿಟ್ಟುಕೊಟ್ಟವರ ಕೊಡ ಮೊದಲು ತುಂಬಬೇಕಿತ್ತು. ಹಳ್ಳಗಳಿಗೆ ಅಡ್ಡಗಟ್ಟೆ, ಇಳಿಜಾರಿಗೆ ಬದು, ಮರ: ಮೇಲೆಯೇ ನೀರು ತಡೆಯುವ ಉಪಾಯ ಇವೇ.

ಮೇ ಕೊನೆಗೆ ಅಲ್ಲಿಯ ಮರಗಳಲ್ಲಿ ಮಿಂಚುಹುಳುಗಳು ಸಾವಿರಗಟ್ಟಲೆ ಮಿನುಗುತ್ತವೆ. ನೋಡಲು ಮುಂಬಯಿ, ಪುಣೆಗಳಿಂದ ಜನ ನುಗ್ಗುತ್ತಾರೆ. ಬಾವಿಗಳ ತಳ ಕಾಣುವುದೂ ಆಗಲೇ. ಹೋಗುವವರು ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು.