ಅಂಕಿ ನಾಡಿನದು, ಹೆಸರು ತಾಯಿಯದು



ನೀವು ಮನೆಮನೆಗೆ ಹೋಗಿ ಅರ್ಹ ದಂಪತಿಗಳ ವಹಿಯಲ್ಲಿ ಬರೆದುಕೊಳ್ಳುವ ಪ್ರತಿಯೊಂದು ಸಾಲಿನಿಂದಲೂ ಎರಡು ಪ್ರಯೋಜನಗಳುಂಟು. ಒಂದು, ಆ ತಾಯಿಗೆ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ ಮತ್ತು ಹೆರಿಗೆಯ ನೆರವು ಸಕಾಲದಲ್ಲಿ ದೊರೆಯುತ್ತವೆ. ಮತ್ತೊಂದು, ಇಂತಹ ಸಾವಿರಾರು ಸಾಲುಗಳು ಕೂಡಿದಾಗ ಜಿಲ್ಲೆಯ ಆರೋಗ್ಯಸ್ಥಿತಿ ತಿಳಿಯುತ್ತದೆ. ಮೊದಲನೆಯದಕ್ಕೆ ಹೆಸರು ಬೇಕು, ಎರಡನೆಯದಕ್ಕೆ ಬೇಡ. ಈ ಭೇದವನ್ನು ಅರಿಯಲು ಕೆಲವು ಪದಗಳ ಅರ್ಥವನ್ನು ತಿಳಿದುಕೊಳ್ಳೋಣ.

ವೈಯಕ್ತಿಕ ದತ್ತಾಂಶ: ಬರೆದಿಟ್ಟ ವಿವರಗಳಿಗೆ ದತ್ತಾಂಶವೆಂದು ಹೆಸರು. ಅದರಿಂದ ಇಂಥವರೇ ಎಂದು ಗುರುತಿಸಲು ಸಾಧ್ಯವಾದರೆ ಅದು ವೈಯಕ್ತಿಕ ದತ್ತಾಂಶ. ಹೆಸರು, ದೂರವಾಣಿ ಸಂಖ್ಯೆ, ತಾಯಿ ಕಾರ್ಡಿನ ಸಂಖ್ಯೆ, 14 ಅಂಕಿಗಳ ಆಭಾ ಸಂಖ್ಯೆ ಇವೆಲ್ಲವೂ ಈ ಬಗೆಯವು.

ಮುಕ್ತ ದತ್ತಾಂಶ: ಯಾರು ಬೇಕಾದರೂ ನೋಡಿ ಬಳಸಬಹುದಾದ ಮಾಹಿತಿ. ಸಾರ್ವಜನಿಕ ಹಣದಿಂದ ಸಂಗ್ರಹಿಸಿದ, ಗೋಪ್ಯವಲ್ಲದ ಮಾಹಿತಿಯು ಜನರಿಗೆ ದೊರೆಯಬೇಕೆಂದು ಕೇಂದ್ರ ಸರ್ಕಾರವು 2012ರಲ್ಲಿ ನೀತಿಯೊಂದನ್ನು ರೂಪಿಸಿತು. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಜನಿಸುವ ಮಕ್ಕಳ ಸರಾಸರಿ ಸಂಖ್ಯೆಯು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.8 ಇದ್ದು, 2019-21ರ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ. ಈ ಅಂಕಿಯನ್ನು ತಿಳಿಯಲು ಯಾವ ತಾಯಿಯ ಹೆಸರೂ ಬೇಕಾಗಲಿಲ್ಲ.

ಅನಾಮಿಕಗೊಳಿಸುವಿಕೆ: ವ್ಯಕ್ತಿಯ ಗುರುತು ಸಿಗದಂತೆ ವಿವರಗಳನ್ನು ಮಾರ್ಪಡಿಸುವುದು. ಹೆಸರನ್ನು ಅಳಿಸಿದ ಮಾತ್ರಕ್ಕೆ ಈ ಕಾರ್ಯ ಮುಗಿಯದು. “ಇಂಥ ಗ್ರಾಮ, ವಯಸ್ಸು 41, ಆರನೆಯ ಹೆರಿಗೆ” ಎಂದು ಪ್ರಕಟಿಸಿದರೆ ಆಕೆ ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಆದುದರಿಂದ ಗ್ರಾಮದ ಬದಲು ತಾಲ್ಲೂಕು, ವಯಸ್ಸಿನ ಬದಲು ವಯೋಗುಂಪನ್ನು ಸೂಚಿಸುವುದು ಲೇಸು.

ಸಮ್ಮತಿ: ವಿಷಯವನ್ನು ತಿಳಿದು, ಒತ್ತಾಯವಿಲ್ಲದೆ, ನಿರ್ದಿಷ್ಟ ಉದ್ದೇಶಕ್ಕಾಗಿ ನೀಡುವ ಒಪ್ಪಿಗೆ. ಸಮ್ಮತಿಯನ್ನು ನೀಡಿದಷ್ಟೇ ಸುಲಭವಾಗಿ ಹಿಂಪಡೆಯಲು ಅವಕಾಶವಿರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹೇಳುತ್ತದೆ. ಲಸಿಕೆಯ ದಿನವನ್ನು ತಿಳಿಸಲೆಂದು ಪಡೆದ ದೂರವಾಣಿ ಸಂಖ್ಯೆಯನ್ನು ಅಂಗಡಿಯವರಿಗೆ ಕೊಡುವುದು ಸಮ್ಮತಿಯನ್ನು ಮೀರಿದ ಕೃತ್ಯ.

ಗೋಪ್ಯತೆ: ನಂಬಿ ಹೇಳಿದುದನ್ನು ಹೊರಗೆಡಹದಿರುವುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರನ್ನು ಕಾನೂನು ಅಧಿಕಾರವಿಲ್ಲದವರಿಗೆ ವೈದ್ಯರು ತಿಳಿಸಿದರೆ, 2021ರ ತಿದ್ದುಪಡಿಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

ಇಂದು ವಹಿಯ ಪುಟವೊಂದರ ಛಾಯಾಚಿತ್ರವು ವಾಟ್ಸ್‌ಆ್ಯಪ್ ಗುಂಪಿಗೆ ಸೇರಲು ಕ್ಷಣ ಸಾಕು. ಅತ್ತೆಯ ಮನೆಯವರಿಗೆ ತಿಳಿಸದೆ ವಂಕಿ ಹಾಕಿಸಿಕೊಂಡ ಮಹಿಳೆಯ ಹೆಸರು ಆ ಪುಟದಲ್ಲಿದ್ದರೆ, ಆಕೆಯ ಸಂಸಾರದಲ್ಲಿ ಕಲಹ ಹುಟ್ಟಬಹುದು. ಆಕೆ ಮತ್ತೆ ಆರೋಗ್ಯ ಕೇಂದ್ರದ ಹೊಸ್ತಿಲನ್ನು ತುಳಿಯಲಾರಳು. ಅವಳನ್ನು ಕಂಡ ನೆರೆಹೊರೆಯವರೂ ಬಾರರು. ಆಗ ನಿಮ್ಮ ಅಂಕಿಗಳೂ ಸುಳ್ಳಾಗುತ್ತವೆ. ಗುಟ್ಟನ್ನು ಕಾಪಾಡಿದಲ್ಲಿ ಮಾತ್ರ ಜನರು ನಿಜವನ್ನು ಹೇಳುತ್ತಾರೆ ಎಂಬುದನ್ನು ಮರೆಯಬಾರದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು
1. ನಿಮ್ಮ ವಹಿಯಲ್ಲಿ ಹೆಸರಿಲ್ಲದೆಯೂ ವ್ಯಕ್ತಿಯ ಗುರುತನ್ನು ಕೊಡಬಲ್ಲ ವಿವರಗಳು ಯಾವುವು?
2. ಕೆಲಸ ಮುಗಿದ ಮೇಲೆ ವಹಿಯನ್ನು ಎಲ್ಲಿ ಇಡುತ್ತೀರಿ? ಅದು ಯಾರ ಕೈಗೆ ಸಿಗಬಹುದು?